ಅಮೈನೋ ಪುಡಿ ಕುಡಿದರೆ ತೂಕ ಇಳಿಯುತ್ತದಾ? ಜಿಮ್‌ನವರು ತಗೊಳ್ಳಿ ಅನ್ನುತ್ತಿದ್ದಾರೆ

ಸುರತ್ಕಲ್_ಸಂಜೆ:
ಎಲ್ಲರಿಗೂ ನಮಸ್ಕಾರ. ವಯಸ್ಸು 41, ಎತ್ತರ 158 ಸೆಂಟಿಮೀಟರ್, ತೂಕ 76 ಕಿಲೋ. ಕೂತು ಮಾಡುವ ಕೆಲಸ. ಮನೆ ಹತ್ತಿರದ ಒಂದು ಜಿಮ್‌ಗೆ ಸೇರಿದ್ದೇನೆ. ಅಲ್ಲಿಯ ಟ್ರೈನರ್ ಎರಡು ಸಾಮಾನು ಬರೆದು ಕೊಟ್ಟಿದ್ದಾರೆ. ಒಂದು ಬಿಸಿಎಎ ಪುಡಿ, ಇನ್ನೊಂದು ಎಲ್-ಕಾರ್ನಿಟೈನ್ ಸಿರಪ್. ಮೊದಲನೆಯದು ಕೊಬ್ಬು ಕರಗಿಸುತ್ತದೆ, ಎರಡನೆಯದು ಅದನ್ನು ಸುಡುತ್ತದೆ ಅಂತ ಹೇಳಿದರು. ಎರಡೂ ಸೇರಿ ತಿಂಗಳಿಗೆ ನಾಲ್ಕು ಸಾವಿರದ ಹತ್ತಿರ. ಅಲ್ಲೇ ಕೌಂಟರಿನಲ್ಲಿ ಸಿಗುತ್ತದೆ.

ದುಡ್ಡು ಕೊಡುವ ಮೊದಲು ಇಲ್ಲಿ ಕೇಳೋಣ ಅಂತ ಬಂದೆ. ಯಾರಿಗಾದರೂ ನಿಜವಾಗಿ ಪ್ರಯೋಜನ ಆಗಿದೆಯಾ? ಸೈಡ್ ಎಫೆಕ್ಟ್ ಎಂತ ಉಂಟು? ಊಟ ಬಿಟ್ಟರೆ ನನಗೆ ತಲೆನೋವು ಬರುತ್ತದೆ. ಹಾಗಾಗಿ "ರಾತ್ರಿ ಊಟ ಬಿಡಿ" ಅಂತ ಮಾತ್ರ ದಯವಿಟ್ಟು ಹೇಳಬೇಡಿ.

ಬೂತಾಯಿ_ಬ್ರೋ:
ಬರೆದು ಕೊಟ್ಟವರೇ ಮಾರುವವರು. ಅರ್ಧ ಉತ್ತರ ಅಲ್ಲೇ ಸಿಕ್ಕಿತಲ್ಲ ಅಕ್ಕ.

ಮಣ್ಣಪಳ್ಳ_ವಾಕರ್:
ರಾತ್ರಿ ಊಟ ಬಿಡಿ.

ಸುರತ್ಕಲ್_ಸಂಜೆ:
@ಮಣ್ಣಪಳ್ಳ_ವಾಕರ್ ಅಂಕಲ್, ಕೊನೆಯ ಸಾಲು ಓದಲಿಲ್ಲ ಅಲ್ವಾ ನೀವು?

ಲ್ಯಾಬ್_ಕೋಟು:
ಮಣಿಪಾಲದಲ್ಲಿ ಬಯೋಕೆಮಿಸ್ಟ್ರಿ ಓದುತ್ತಿದ್ದೇನೆ, ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಬಿಸಿಎಎ ಅಂದರೆ ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಅನ್ನುವ ಮೂರು ಅಮೈನೋ ಆಮ್ಲಗಳು. ನಮ್ಮ ಮೈಯ ಪ್ರೋಟೀನೆಲ್ಲ ಇಪ್ಪತ್ತು ಅಮೈನೋ ಆಮ್ಲಗಳಿಂದ ಆದದ್ದು. ಅದರಲ್ಲಿ ಒಂಬತ್ತನ್ನು ದೇಹ ತಾನೇ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಈ ಮೂರು ಆ ಒಂಬತ್ತರಲ್ಲಿ ಸೇರಿವೆ. ಇವು ಕೊಬ್ಬು ಕರಗಿಸುವುದಿಲ್ಲ. ಲ್ಯೂಸಿನ್ ಸ್ನಾಯು ಕಟ್ಟುವ ಕೆಲಸಕ್ಕೆ ಚಾಲನೆ ಕೊಡುತ್ತದೆ, ಅದು ಹೌದು. ಆದರೆ ಕಟ್ಟಿ ಮುಗಿಸಲು ಒಂಬತ್ತೂ ಬೇಕು. ಮೂರನ್ನು ಮಾತ್ರ ಕುಡಿದರೆ ಉಳಿದ ಆರು ಎಲ್ಲಿಂದ ಬರಬೇಕು? ಇದ್ದ ಸ್ನಾಯುವನ್ನೇ ಒಡೆದು ತರಬೇಕು. ಅಮೆರಿಕದ ರಾಬರ್ಟ್ ವೋಲ್ಫ್ 2017ರಲ್ಲಿ ಬರೆದ ಲೇಖನದ ಸಾರವೂ ಇದೇ. ಬಿಸಿಎಎ ಒಂದರಿಂದಲೇ ಮನುಷ್ಯರಲ್ಲಿ ಸ್ನಾಯು ಬೆಳೆಯುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ ಅಂತ ಅವರ ವಾದ.

ಇನ್ನೊಂದು. ಕೆಲವು ಡಬ್ಬಗಳ ಮೇಲೆ ಸೊನ್ನೆ ಕ್ಯಾಲರಿ ಅಂತ ಹಾಕಿರುತ್ತಾರೆ. ಅಮೈನೋ ಆಮ್ಲಕ್ಕೂ ಗ್ರಾಂಗೆ ನಾಲ್ಕು ಕ್ಯಾಲರಿ ಇದ್ದೇ ಇರುತ್ತದೆ. ದೊಡ್ಡ ಲೆಕ್ಕ ಅಲ್ಲ, ಆದರೆ ಸುಳ್ಳು ಸುಳ್ಳೇ.

ಜಿಮ್‌ಕೋಚ್_ಅಜ್ಜರಕಾಡು:
ಟ್ರೈನರ್ ಅಂದ ಕೂಡಲೇ ಕಳ್ಳರು ಅಂತ ಮಾತಾಡುವುದು ಸರಿಯಲ್ಲ ಮಾರಾಯ್ರೆ. ನಾನೂ ಅದೇ ಕೆಲಸದವನು. ನಮ್ಮಲ್ಲಿ ಪುಡಿ ಮಾರುವುದಿಲ್ಲ, ಆದರೂ ಹೇಳುತ್ತೇನೆ.

1997ರಲ್ಲಿ ಕುಸ್ತಿಪಟುಗಳ ಮೇಲೆ ಒಂದು ಅಧ್ಯಯನ ನಡೆದಿತ್ತು. ಎಲ್ಲರಿಗೂ ಊಟ ಕಡಿಮೆ ಮಾಡಿಸಿ, ಒಂದು ಗುಂಪಿಗೆ ಬಿಸಿಎಎ ಕೊಟ್ಟರು. ಜಾಸ್ತಿ ತೂಕ ಇಳಿದದ್ದು ಅದೇ ಗುಂಪಿಗೆ, ಹೊಟ್ಟೆಯೊಳಗಿನ ಕೊಬ್ಬು ಕೂಡ. ಹಾಗಾಗಿ ಎಲ್ಲ ಸುಳ್ಳು ಅಂತ ತಳ್ಳಿ ಹಾಕಬೇಡಿ. ಬೆಳಿಗ್ಗೆ ಐದಕ್ಕೆ ಖಾಲಿ ಹೊಟ್ಟೆಯಲ್ಲಿ ಬಂದು ಭಾರ ಎತ್ತುವವರಿಗೆ ಇದು ಉಪಯೋಗಕ್ಕೆ ಬರುತ್ತದೆ.

ಲ್ಯಾಬ್_ಕೋಟು:
ಅಧ್ಯಯನ ಇರುವುದು ಹೌದು ಅಣ್ಣ. ಅದರಲ್ಲಿ ಇದ್ದದ್ದು 25 ಜನ. ಅವರನ್ನೂ ಬೇರೆ ಬೇರೆ ಗುಂಪು ಮಾಡಿದ್ದರು, ಅಂದರೆ ಒಂದೊಂದು ಗುಂಪಿಗೆ ಎಷ್ಟು ಜನ ಬಂದ ಹಾಗಾಯಿತು? ನಡೆದದ್ದು 19 ದಿನ. ಎಲ್ಲರೂ ಸ್ಪರ್ಧೆಗೆ ಇಳಿಯುವ ಕುಸ್ತಿಪಟುಗಳು. ಅದನ್ನು ಹಿಡಿದುಕೊಂಡು ಸುರತ್ಕಲ್‌ನಲ್ಲಿ ಕೂತು ಕೆಲಸ ಮಾಡುವವರಿಗೆ ಡಬ್ಬ ಬರೆದು ಕೊಡುವುದಾ?

ಸುರತ್ಕಲ್_ಸಂಜೆ:
ಮಗನಿಗೆ ಹೋಮ್‌ವರ್ಕ್ ಮಾಡಿಸುವುದು ಕುಸ್ತಿಯೇ. ಆ ಲೆಕ್ಕದಲ್ಲಿ ನಾನು ಸೇರುತ್ತೇನೆ. 😄

ಗಡ್‌ಬಡ್_ಗಿರಾಕಿ:
ನಾನು ಬಿಸಿಎಎ ಕುಡಿದೇ ಎಂಟು ಕಿಲೋ ಇಳಿಸಿದವನು. ಓದಿದವರು ಏನು ಬೇಕಾದರೂ ಹೇಳಲಿ.

ಲ್ಯಾಬ್_ಕೋಟು:
ಅದರ ಜೊತೆ ಬೇರೆ ಎಂತ ಮಾಡಿದಿರಿ?

ಗಡ್‌ಬಡ್_ಗಿರಾಕಿ:
ದೊಡ್ಡದೇನಿಲ್ಲ. ಜಿಮ್, ಮತ್ತೆ ವೀಕೆಂಡ್ ಬಿಯರ್ ನಿಲ್ಲಿಸಿದೆ. ಸಂಜೆಯ ಗೋಳಿಬಜೆ ಬಿಟ್ಟೆ. ಚಹಾಕ್ಕೆ ಸಕ್ಕರೆ ಇಲ್ಲ.

ಬೂತಾಯಿ_ಬ್ರೋ:
ಪಾಪ ಬಿಯರು, ಗೋಳಿಬಜೆ ತ್ಯಾಗ ಮಾಡಿದವು. ಹೆಸರು ಪುಡಿಗೆ ಬಂತು.

ಗಡ್‌ಬಡ್_ಗಿರಾಕಿ:
ಅದನ್ನು ಕುಡಿದರೆ ಹಸಿವು ಕಡಿಮೆ ಆಗುತ್ತಿತ್ತು, ಅದು ನನ್ನ ಅನುಭವ. ನಿಮಗೆ ನಂಬಿಕೆ ಇಲ್ಲದಿದ್ದರೆ ಬಿಡಿ.

ಔಷಧಿಯಂಗಡಿ_ಅಣ್ಣ:
ಮುಕ್ಕಾಲು ಲೀಟರ್ ನೀರಿಗೆ ಹಾಕಿ ಕುಡಿಯುವುದಲ್ವಾ ಅದು. ಹೊಟ್ಟೆ ತುಂಬಿದ ಹಾಗೆ ಆಗದೆ ಇರುತ್ತದಾ?

ಸುರತ್ಕಲ್_ಸಂಜೆ:
ಬಿಸಿಎಎ ಬಗ್ಗೆ ಅರ್ಥ ಆಯಿತು. ಕಾರ್ನಿಟೈನ್ ಕಥೆ ಎಂತ? ಅದು ನಿಜವಾಗಿಯೂ ಕೊಬ್ಬಿಗೆ ಸಂಬಂಧಿಸಿದ್ದು ಅಂತ ಓದಿದೆ.

ಲ್ಯಾಬ್_ಕೋಟು:
ಸಂಬಂಧ ಇದೆ, ಮಾರುವವರಿಗೆ ಸುಲಭ ಆಗುವುದೂ ಅದರಿಂದಲೇ. ಜೀವಕೋಶದ ಒಳಗೆ ಮೈಟೋಕಾಂಡ್ರಿಯ ಅಂತ ಇರುತ್ತದಲ್ಲ, ಕೊಬ್ಬು ಉರಿದು ಶಕ್ತಿ ಆಗುವುದು ಅಲ್ಲಿ. ಉದ್ದ ಸರಪಳಿಯ ಕೊಬ್ಬಿನ ಆಮ್ಲಗಳು ತಾವಾಗಿ ಒಳಗೆ ಹೋಗಲಾರವು. ಕಾರ್ನಿಟೈನ್ ಅವನ್ನು ಒಳಗೆ ದಾಟಿಸುತ್ತದೆ. ಹಾಗಾದರೆ ಜಾಸ್ತಿ ಕಾರ್ನಿಟೈನ್ ಕುಡಿದರೆ ಜಾಸ್ತಿ ಕೊಬ್ಬು ಉರಿಯಬೇಕಲ್ವಾ ಅಂತ ಅನ್ನಿಸುತ್ತದೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಸುರತ್ಕಲ್‌ಗೆ ಇನ್ನೂ ಹತ್ತು ಬಸ್ಸು ಬಿಟ್ಟ ಮಾತ್ರಕ್ಕೆ ಪ್ರಯಾಣಿಕರು ಹೆಚ್ಚುವುದಿಲ್ಲ. ಇದೂ ಹಾಗೆಯೇ. ದೇಹಕ್ಕೆ ಶಕ್ತಿಯ ಕೊರತೆ ಬಿದ್ದರೆ ಮಾತ್ರ ಕೊಬ್ಬು ಹೊರಡುವುದು.

ಅದೂ ಅಲ್ಲದೆ ಕಾರ್ನಿಟೈನನ್ನು ನಮ್ಮ ಲಿವರ್, ಕಿಡ್ನಿಗಳೇ ಲೈಸಿನ್ ಮತ್ತು ಮೆಥಿಯೋನಿನ್ ಅನ್ನುವ ಅಮೈನೋ ಆಮ್ಲಗಳಿಂದ ಮಾಡಿಕೊಳ್ಳುತ್ತವೆ. ಆರೋಗ್ಯವಂತರಿಗೆ ಕೊರತೆ ಬರುವುದು ಅಪರೂಪ. ಸಿರಪ್ ಕುಡಿದರೆ ಅದರ ಐದನೇ ಒಂದು ಪಾಲೂ ರಕ್ತಕ್ಕೆ ಸೇರುವುದಿಲ್ಲ.

ಪೂರ್ತಿ ಸೊನ್ನೆ ಅಂತಲೂ ಹೇಳಲಾರೆ. ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಔಷಧಿಯೇ ಇಲ್ಲದ ಪೊಳ್ಳು ಮಾತ್ರೆ ನುಂಗಿದವರಿಗಿಂತ ಒಂದು ಕಿಲೋ ಆಸುಪಾಸು ಹೆಚ್ಚು ಇಳಿದದ್ದು ಕಂಡಿದೆ. ಅದೂ ತಿಂಗಳುಗಟ್ಟಲೆ ತೆಗೆದುಕೊಂಡ ಮೇಲೆ.

ಕುಂದಾಪ್ರ_ಕೋಳಿ:
ಒಂದು ಕಿಲೋಗೆ ತಿಂಗಳಿಗೆ ಇಷ್ಟು ದುಡ್ಡಾ! ಅಂಜಲ್ ಮೀನು ಇದಕ್ಕಿಂತ ಅಗ್ಗ.

ಔಷಧಿಯಂಗಡಿ_ಅಣ್ಣ:
ಕಾರ್ನಿಟೈನ್ ನಮ್ಮ ಅಂಗಡಿಯಲ್ಲೂ ಇರುತ್ತದೆ, ಆದರೆ ತೂಕಕ್ಕಲ್ಲ. ಡಯಾಲಿಸಿಸ್‌ನಲ್ಲಿ ಇರುವವರಿಗೆ ಕೆಲವೊಮ್ಮೆ ಡಾಕ್ಟ್ರು ಬರೆಯುತ್ತಾರೆ. ಫಿಟ್ಸ್‌ಗೆ ಕೊಡುವ ವಾಲ್ಪ್ರೋಯೇಟ್ ಮಾತ್ರೆಯಿಂದ ತೊಂದರೆ ಆದಾಗಲೂ ಕೊಡುತ್ತಾರೆ. ಬಿಸಿಎಎ ಕೂಡ ಹಾಗೆ. ಲಿವರ್ ಗಟ್ಟಿಯಾಗಿ, ತಲೆಗೆ ಮಂಕು ಕವಿಯುವ ಸ್ಥಿತಿ ಬಂದವರಿಗೆ ಅದು ನಿಜವಾದ ಔಷಧಿಯೇ. ಅಂದರೆ ಇವು ಕೆಲಸಕ್ಕೆ ಬಾರದ ಸಾಮಾನು ಅಲ್ಲ. ಯಾರಿಗೆ, ಯಾಕೆ ಅನ್ನುವುದು ಪ್ರಶ್ನೆ.

ಸೈಡ್ ಎಫೆಕ್ಟ್ ಕೇಳಿದ್ದೀರಿ. ಕಾರ್ನಿಟೈನ್ ಜಾಸ್ತಿ ಆದರೆ ವಾಕರಿಕೆ, ಭೇದಿ, ಮತ್ತೆ ಬೆವರಿಗೆ ಮೀನಿನ ವಾಸನೆ.

ಬೂತಾಯಿ_ಬ್ರೋ:
ಮೀನಿನ ವಾಸನೆ ನಮ್ಮಲ್ಲಿ ಸೈಡ್ ಎಫೆಕ್ಟ್ ಅಲ್ಲ, ಅಡ್ರೆಸ್ ಪ್ರೂಫ್.

ತಂಬುಳಿ_ಭಟ್ಟ:
😂😂 ರಥಬೀದಿಯಲ್ಲಿ ಇದನ್ನು ಕುಡಿದು ಓಡಾಡಿದರೆ ನನ್ನ ಗತಿ?

ಡಯಟ್_ಟೀಚರ್:
ತಡವಾಗಿ ನೋಡಿದೆ. ದೇರಳಕಟ್ಟೆ ಕಡೆ ಪಾಠ ಮಾಡುತ್ತೇನೆ, ಆಹಾರ ಪಥ್ಯವೇ ನನ್ನ ವಿಷಯ. ಸುರತ್ಕಲ್_ಸಂಜೆ ಅವರೇ, ಒಂದು ಮಾಮೂಲಿ ದಿನ ನೀವು ಏನೇನು ತಿನ್ನುತ್ತೀರಿ ಅಂತ ಬರೆಯಿರಿ. ಮುಚ್ಚುಮರೆ ಬೇಡ.

ಸುರತ್ಕಲ್_ಸಂಜೆ:
ಬೆಳಿಗ್ಗೆ ನಾಲ್ಕು ನೀರುದೋಸೆ, ಕಾಯಿಚಟ್ನಿ, ಚಹಾ. ಕೆಲವು ದಿನ ಎರಡು ಬನ್ಸ್. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗುಡೆ ಇದ್ದರೆ ಎರಡು ತುಂಡು ಗಸಿ, ಇಲ್ಲದಿದ್ದರೆ ಸೌತೆಕಾಯಿ ಹುಳಿ. ಸಂಜೆ ಆಫೀಸಿನಲ್ಲಿ ಚಹಾದ ಜೊತೆ ಎಂತಾದರೂ ಕರಿದದ್ದು. ರಾತ್ರಿ ಮತ್ತೆ ಅನ್ನ, ಸಾರು, ತೊಂಡೆಕಾಯಿ ಪಲ್ಯ. ಮಲಗುವ ಮೊದಲು ಮಗ ಬಿಟ್ಟದ್ದು.

ಡಯಟ್_ಟೀಚರ್:
ಮಗ ಬಿಟ್ಟದ್ದು! ಎಲ್ಲ ತಾಯಂದಿರ ಲೆಕ್ಕದಲ್ಲೂ ಅದೊಂದು ಇರುತ್ತದೆ.

ಈಗ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವ ಪ್ರಕಾರ ದೊಡ್ಡವರಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ತೂಕ ಇಳಿಸುವಾಗ ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದು, ಯಾಕೆಂದರೆ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಇಳಿಯುತ್ತದೆ. ನಿಮಗೆ ದಿನಕ್ಕೆ 60ರಿಂದ 70 ಗ್ರಾಂ ಅಂತ ಇಟ್ಟುಕೊಳ್ಳೋಣ.

ನಾಲ್ಕು ನೀರುದೋಸೆಯಲ್ಲಿ ಸಿಗುವುದು ಆರೇಳು ಗ್ರಾಂ ಮಾತ್ರ. ಮೀನು ಇದ್ದ ದಿನ ಮಧ್ಯಾಹ್ನ ಚೆನ್ನಾಗಿದೆ. ಬಂಗುಡೆಯ ನೂರು ಗ್ರಾಂ ಮಾಂಸದಲ್ಲಿ 20 ಗ್ರಾಂ ಹತ್ತಿರ ಪ್ರೋಟೀನ್ ಇರುತ್ತದೆ. ಮೀನಿಲ್ಲದ ದಿನ ಮತ್ತು ಎಲ್ಲ ರಾತ್ರಿ ನಿಮ್ಮ ತಟ್ಟೆಯಲ್ಲಿ ಅನ್ನವೇ ಅನ್ನ. ನಿಮ್ಮ ತೊಂದರೆ ಇರುವುದು ಇಲ್ಲಿ.

ಇನ್ನೊಂದು ಲೆಕ್ಕ. ಆ ನೂರು ಗ್ರಾಂ ಬಂಗುಡೆಯಲ್ಲೇ ಮೂರು ಮೂರೂವರೆ ಗ್ರಾಂ ಬಿಸಿಎಎ ಇದೆ, ಉಳಿದ ಆರು ಅಗತ್ಯ ಅಮೈನೋ ಆಮ್ಲಗಳ ಜೊತೆಗೆ. ಪುಡಿಯ ಒಂದು ಚಮಚದಲ್ಲಿ ಇರುವುದು ಸಾಮಾನ್ಯವಾಗಿ ಐದಾರು ಗ್ರಾಂ, ಅದೂ ಬರೀ ಮೂರೇ ಜಾತಿಯದು.

ಪ್ರೋಟೀನಿನಿಂದ ತೂಕಕ್ಕೆ ಸಹಾಯ ಆಗುವುದು ಸುಳ್ಳಲ್ಲ. ಬೇಗ ಹೊಟ್ಟೆ ತುಂಬುತ್ತದೆ. ಅದನ್ನು ಅರಗಿಸಲು ಅದರಲ್ಲಿರುವ ಕ್ಯಾಲರಿಯ 20ರಿಂದ 30 ಶೇಕಡಾ ಖರ್ಚಾಗುತ್ತದೆ. ಅನ್ನಕ್ಕೆ ಇದು 5ರಿಂದ 10, ಎಣ್ಣೆಗೆ ಇನ್ನೂ ಕಡಿಮೆ. ಆದರೆ ಇದು ಊಟದಲ್ಲಿ ಅನ್ನದ ಜಾಗಕ್ಕೆ ಪ್ರೋಟೀನ್ ಬಂದಾಗಿನ ಮಾತು. ಅದೇ ಊಟ ಮಾಡಿ ಮೇಲೊಂದು ಪುಡಿ ಕುಡಿದರೆ ಎಂತ ಬದಲಾವಣೆ ಆಗುತ್ತದೆ?

ಕುಂದಾಪ್ರ_ಕೋಳಿ:
ಟೀಚರ್, ಕೋಳಿ ಸುಕ್ಕ?

ಡಯಟ್_ಟೀಚರ್:
ಕೋಳಿ ಓಕೆ. ಅದರ ಕಾಯಿ ಮತ್ತು ಎಣ್ಣೆಯ ಬಗ್ಗೆ ನನ್ನನ್ನು ಕೇಳಬೇಡಿ.

ತಂಬುಳಿ_ಭಟ್ಟ:
ಮೀನು ತಿನ್ನುವವರಿಗೆ ಪುಡಿ ಬೇಡ ಅನ್ನುವುದು ಸುಲಭ. ನಮ್ಮಂಥವರ ಗತಿ ಎಂತ? ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಇಲ್ಲ. ಸಾರು, ಹುಳಿ, ತಂಬುಳಿ, ಪಲ್ಯ, ಮಜ್ಜಿಗೆ. ಏಕಾದಶಿಗೆ ಅದೂ ಇಲ್ಲ. ನಮಗಾದರೂ ಅಮೈನೋ ಪುಡಿ ಬೇಕಲ್ವಾ?

ಡಯಟ್_ಟೀಚರ್:
ಒಳ್ಳೆಯ ಪ್ರಶ್ನೆ. ಅಕ್ಕಿಯಲ್ಲಿ ಲೈಸಿನ್ ಕಡಿಮೆ, ಬೇಳೆಕಾಳುಗಳಲ್ಲಿ ಮೆಥಿಯೋನಿನ್ ಕಡಿಮೆ. ಎರಡೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಒಂದೇ ತುತ್ತಿನಲ್ಲಿ ಸೇರಬೇಕಂತ ಇಲ್ಲ, ಒಂದೇ ದಿನದಲ್ಲಿ ಸೇರಿದರೆ ಸಾಕು. ಆದರೆ ಬೇಳೆಯ ಪ್ರಮಾಣ ನೋಡಿ. ನಾಲ್ಕು ಜನರ ಸಾರಿಗೆ ಒಂದು ಹಿಡಿ ತೊಗರಿಬೇಳೆ ಹಾಕಿ, ಮೇಲಿನ ತಿಳಿ ಬಡಿಸಿಕೊಂಡರೆ ನಿಮ್ಮ ಪಾಲಿಗೆ ಬರುವುದು ಹುಳಿ, ಉಪ್ಪು, ಒಗ್ಗರಣೆ. ತಂಬುಳಿಯಲ್ಲಿ ಇರುವುದು ಹೆಚ್ಚಾಗಿ ಕಾಯಿ ಮತ್ತು ಮಜ್ಜಿಗೆ.

ಹುರುಳಿಯ ಕಥೆ ಇನ್ನೂ ತಮಾಷೆ. ಒಣ ಹುರುಳಿಯ ನೂರು ಗ್ರಾಂಗೆ 22 ಗ್ರಾಂ ಹತ್ತಿರ ಪ್ರೋಟೀನ್ ಉಂಟು. ನಮ್ಮ ಹಳ್ಳಿಮನೆಗಳಲ್ಲಿ ಅದನ್ನು ಬೇಯಿಸಿ, ಕಟ್ಟು ಬಸಿದು ಸಾರು ಮಾಡಿ, ಕಾಳನ್ನು ದನಕ್ಕೆ ಹಾಕುತ್ತಿದ್ದರು.

ಬೂತಾಯಿ_ಬ್ರೋ:
ಅದಕ್ಕೇ ಕಂಬಳದ ಕೋಣಗಳಿಗೆ ಆ ಬಾಡಿ. ಅವುಗಳಿಗೂ ಹುರುಳಿಯೇ ಹಾಕುವುದು, ಡಬ್ಬ ಅಲ್ಲ.

ತಂಬುಳಿ_ಭಟ್ಟ:
ಕಾಳು ದನಕ್ಕೆ, ನೀರು ನಮಗೆ. ನಮ್ಮ ಅಜ್ಜಿ ಇದ್ದಿದ್ದರೆ ಟೀಚರ್ ಜೊತೆ ಜಗಳಕ್ಕೆ ಬರುತ್ತಿದ್ದರು. ಸರಿ, ನಾಳೆಯಿಂದ ಹೆಸರುಕಾಳಿನ ಉಸ್ಲಿ. ಗ್ಯಾಸ್ ಆದರೆ ನೀವೇ ಜವಾಬ್ದಾರಿ.

ದುಬೈ_ಟು_ಬಜ್ಪೆ:
ಊರಿನಲ್ಲಿ ಸಿಗುವ ಡಬ್ಬ ಕಲಬೆರಕೆ. ನಾನು ರಜೆಗೆ ಬರುವಾಗ ಇಲ್ಲಿಂದ ಎರಡು ದೊಡ್ಡ ಡಬ್ಬ ತರುತ್ತೇನೆ, ನಮ್ಮ ತಮ್ಮನಿಗೆ. ಹೊರಗಿನ ಮಾಲು ನಂಬಬಹುದು.

ಔಷಧಿಯಂಗಡಿ_ಅಣ್ಣ:
ಹೊರಗಿನದು ಅಂದ ಮಾತ್ರಕ್ಕೆ ನಂಬಬೇಡಿ. 1989ರಲ್ಲಿ ಅಮೆರಿಕದಲ್ಲೇ ಟ್ರಿಪ್ಟೋಫಾನ್ ಅನ್ನುವ ಅಮೈನೋ ಆಮ್ಲದ ಮಾತ್ರೆ ತಿಂದು 1500ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಮೈಕೈ ವಿಪರೀತ ನೋವು, ರಕ್ತದಲ್ಲಿ ಇಯೋಸಿನೋಫಿಲ್ ಅನ್ನುವ ಬಿಳಿ ರಕ್ತಕಣಗಳ ಏರಿಕೆ. 30ಕ್ಕೂ ಹೆಚ್ಚು ಜನ ಸತ್ತರು. ಜಪಾನಿನ ಒಂದೇ ತಯಾರಕರ ಮಾಲಿಗೆ ಅದರ ಜಾಡು ಹೋಯಿತು. ಆ ಮಾತ್ರೆಯನ್ನೂ ಜನ ನಿದ್ದೆಗೆ, ಬೇಜಾರಿಗೆ ಅಂತ ಚೀಟಿ ಇಲ್ಲದೆ ಕೊಂಡು ತಿನ್ನುತ್ತಿದ್ದರು.

ನಮ್ಮಲ್ಲಿ ತೆಗೆದುಕೊಳ್ಳುವುದೇ ಆದರೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡುವ ಲೈಸೆನ್ಸಿನ 14 ಅಂಕೆಯ ನಂಬರ್ ನೋಡಿ. ಆಮದು ಮಾಲಾದರೆ ಆಮದು ಮಾಡಿದವರ ಹೆಸರು, ವಿಳಾಸ ಡಬ್ಬದ ಮೇಲೆ ಇರಬೇಕು. ಅಂಗಡಿ ಬಿಲ್ ಕೊಡದಿದ್ದರೆ ಬೇಡವೇ ಬೇಡ.

ಲ್ಯಾಬ್_ಕೋಟು:
ಕಲಬೆರಕೆ ವಿಷಯ ಬಂದದ್ದು ಒಳ್ಳೆಯದಾಯಿತು. ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿಯ ಡಬ್ಬಗಳಲ್ಲಿ ಒಂದು ಮೋಸ ನಡೆಯುತ್ತದೆ, ಅದರಲ್ಲೂ ಅಮೈನೋ ಆಮ್ಲದ್ದೇ ಆಟ. ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ಹಳೆಯ ಪದ್ಧತಿ ಕೆಲ್ಡಾಲ್ ವಿಧಾನ. ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಕೆಲ್ಡಾಲ್ 1883ರಲ್ಲಿ ಕೊಟ್ಟದ್ದು. ಅದು ಪ್ರೋಟೀನನ್ನು ನೇರ ಅಳೆಯುವುದಿಲ್ಲ. ನೈಟ್ರೋಜನ್ ಅಳೆದು 6.25ರಿಂದ ಗುಣಿಸುತ್ತದೆ. ಹಾಗಾಗಿ ಗ್ಲೈಸಿನ್, ಟಾರಿನ್ ಥರದ ಅಗ್ಗದ ಪುಡಿ ಸುರಿದರೆ ನೈಟ್ರೋಜನ್ ಏರುತ್ತದೆ. ಲೇಬಲ್ಲಿನಲ್ಲಿ ಪ್ರೋಟೀನ್ ಜಾಸ್ತಿ ಕಾಣುತ್ತದೆ. 2008ರಲ್ಲಿ ಚೀನಾದಲ್ಲಿ ಹಾಲಿಗೆ ನೈಟ್ರೋಜನ್ ಜಾಸ್ತಿ ಇರುವ ಮೆಲಮೈನ್ ಅನ್ನುವ ರಾಸಾಯನಿಕ ಬೆರೆಸಿದ್ದೂ ಇದೇ ಲೆಕ್ಕದ ಮೇಲೆ.

ದುಬೈ_ಟು_ಬಜ್ಪೆ:
ಹೌದಾ! ನಮ್ಮ ಡಬ್ಬದ ಹಿಂದೆ ಗ್ಲೈಸಿನ್ ಅಂತ ಉಂಟು, ಒಳ್ಳೆಯದಕ್ಕೆ ಹಾಕಿದ್ದಾರೆ ಅಂತ ಅಂದುಕೊಂಡಿದ್ದೆ.

ಮಣ್ಣಪಳ್ಳ_ವಾಕರ್:
ಇಷ್ಟೆಲ್ಲ ಪುರಾಣ ಯಾಕೆ? ದಿನಾ ಬೆಳಿಗ್ಗೆ ಒಂದು ಗಂಟೆ ನಡೆಯಿರಿ. ನಾನು ಮಣ್ಣಪಳ್ಳ ಕೆರೆಗೆ ಸುತ್ತು ಹಾಕುತ್ತೇನೆ. 68 ವಯಸ್ಸು, ಒಂದು ಪುಡಿ ಮುಟ್ಟಿದವನಲ್ಲ.

ಕುಂದಾಪ್ರ_ಕೋಳಿ:
ಅಂಕಲ್, ಅಲ್ಲಿ ನಡೆದವರೆಲ್ಲ ಆಮೇಲೆ ಮಸಾಲೆದೋಸೆಗೆ ಹೋಗುವುದನ್ನೂ ನೋಡಿದ್ದೇವೆ.

ಮಣ್ಣಪಳ್ಳ_ವಾಕರ್:
ಅದು ಆದಿತ್ಯವಾರ ಮಾತ್ರ.

ಜಿಮ್‌ಕೋಚ್_ಅಜ್ಜರಕಾಡು:
ನಡಿಗೆ ಹೃದಯಕ್ಕೆ ಒಳ್ಳೆಯದು, ಬೇಡ ಅನ್ನುವುದಿಲ್ಲ. ಆದರೆ ಒಂದು ಗಂಟೆ ನಡೆದರೆ ಹೋಗುವುದು ಇನ್ನೂರೈವತ್ತು ಮುನ್ನೂರು ಕ್ಯಾಲರಿ. ಒಂದು ಕಿಲೋ ಕೊಬ್ಬು ಅಂದರೆ 7700 ಕ್ಯಾಲರಿ ಹತ್ತಿರ. ನಲವತ್ತು ದಾಟಿದ ಹೆಂಗಸರಿಗೆ ಸ್ನಾಯು ಉಳಿಸಿಕೊಳ್ಳುವುದು ಮುಖ್ಯ. ಭಾರ ಎತ್ತದೆ ಅದು ಉಳಿಯುವುದಿಲ್ಲ, ಎಷ್ಟು ಪುಡಿ ಕುಡಿದರೂ. ಸುರತ್ಕಲ್ ಅಕ್ಕ, ವಾರಕ್ಕೆ ಮೂರು ದಿನ ಸ್ಕ್ವಾಟ್, ಡಂಬಲ್ ಹಿಡಿದು ಮಾಡುವ ವ್ಯಾಯಾಮ, ಇಷ್ಟು ಹಿಡಿದುಕೊಳ್ಳಿ. ನಿಮ್ಮ ಟ್ರೈನರ್ ಇದನ್ನು ಮಾಡಿಸದೆ ಬರೀ ಟ್ರೆಡ್‌ಮಿಲ್ ಮೇಲೆ ಬಿಟ್ಟಿದ್ದರೆ ಆಗ ಕೇಳಿ.

ಸುರತ್ಕಲ್_ಸಂಜೆ:
ಟ್ರೆಡ್‌ಮಿಲ್ ಮೇಲೇ ಬಿಟ್ಟದ್ದು. ಅವರು ಫೋನಿನಲ್ಲಿ.

ಜಿಮ್‌ಕೋಚ್_ಅಜ್ಜರಕಾಡು:
ಪುಡಿಗಿಂತ ಮೊದಲು ಜಿಮ್ ಬದಲಾಯಿಸಿ. ಆದರೆ ನನ್ನ ಮಾತು ಅಲ್ಲಿಗೇ ಉಂಟು. ಊಟದಲ್ಲಿ ಪ್ರೋಟೀನ್ ಸಾಲದವರಿಗೆ ಒಂದು ಸಾದಾ ವೇ ತಪ್ಪಲ್ಲ. ಬಿಸಿಎಎಗಿಂತ ಅದೇ ಮೇಲು, ಒಂಬತ್ತೂ ಇರುತ್ತವೆ.

ಡಯಟ್_ಟೀಚರ್:
ಇದಕ್ಕೆ ನನ್ನ ಒಪ್ಪಿಗೆ ಅರ್ಧ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಅಂತಲೇ ಹೇಳಿದ್ದಾರೆ. ಬಹಳ ದಿನ ಜಾಸ್ತಿ ತೆಗೆದುಕೊಂಡರೆ ಮೂಳೆಗೆ, ಕಿಡ್ನಿಗೆ ತೊಂದರೆ ಆಗಬಹುದು ಅಂತ ಎಚ್ಚರಿಕೆಯೂ ಇದೆ.

ಜಿಮ್‌ಕೋಚ್_ಅಜ್ಜರಕಾಡು:
ಆರೋಗ್ಯ ಇರುವವರ ಕಿಡ್ನಿ ಹಾಳಾಗುತ್ತದೆ ಅನ್ನುವುದು ಅತಿ ಆಯಿತು ಟೀಚರ್. ಕಿಡ್ನಿ ತೊಂದರೆ ಮೊದಲೇ ಇರುವವರಿಗೆ ಹೌದು.

ಡಯಟ್_ಟೀಚರ್:
ಮೊದಲೇ ತೊಂದರೆ ಇದೆ ಅಂತ ಎಷ್ಟು ಜನರಿಗೆ ಗೊತ್ತಿರುತ್ತದೆ? ನಮ್ಮ ಊರಲ್ಲಿ ಸಕ್ಕರೆ ಕಾಯಿಲೆ, ಬಿಪಿ ಇಲ್ಲದ ಮನೆ ತೋರಿಸಿ. ಕಿಡ್ನಿ ಹೇಗಿದೆ ಅಂತ ತೋರಿಸುವ ಒಂದು ಕ್ರಿಯಾಟಿನಿನ್ ಟೆಸ್ಟ್ ಮಾಡಿಸದೆ ಪುಡಿ ಶುರು ಮಾಡಿಸುವುದು ನನಗೆ ಒಪ್ಪಿಗೆ ಇಲ್ಲ. ನೀವು ಮಾಡಿಸುತ್ತೀರಾದರೆ ಸಂತೋಷ.

ಲ್ಯಾಬ್_ಕೋಟು:
ಸಕ್ಕರೆ ಕಾಯಿಲೆ ಅಂದಾಗ ನೆನಪಾಯಿತು. ದಪ್ಪ ಇರುವವರ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದವರ ರಕ್ತದಲ್ಲಿ ಈ ಬಿಸಿಎಎ ಮೊದಲೇ ಜಾಸ್ತಿ ಇರುತ್ತದೆ. 2009ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರ ಕೆಲಸದಿಂದ ಇದು ತುಂಬಾ ಸುದ್ದಿಯಾಯಿತು. ಅದು ಕಾರಣವೋ ಪರಿಣಾಮವೋ ಅನ್ನುವ ವಾದ ಇನ್ನೂ ಮುಗಿದಿಲ್ಲ. ಆದರೆ ಮೊದಲೇ ಜಾಸ್ತಿ ಇರುವುದನ್ನು ದುಡ್ಡು ಕೊಟ್ಟು ಇನ್ನೂ ಯಾಕೆ ಸುರಿಯಬೇಕು?

ಗಡ್‌ಬಡ್_ಗಿರಾಕಿ:
ಇದೆಲ್ಲ ಬಿಟ್ಟು ಈಗ ಇಂಜೆಕ್ಷನ್ ಬಂದಿದೆಯಲ್ಲ, ವಾರಕ್ಕೊಂದು. ನಮ್ಮ ಆಫೀಸಿನ ಇಬ್ಬರು ತಗೊಂಡು ಅರ್ಧ ಆಗಿದ್ದಾರೆ.

ಲ್ಯಾಬ್_ಕೋಟು:
ಅಂಥ ಒಂದು ಇಂಜೆಕ್ಷನ್ ಮೌಂಜಾರೋ, ಭಾರತಕ್ಕೆ ಬಂದದ್ದು 2025ರಲ್ಲಿ. ತಮಾಷೆ ಏನೆಂದರೆ ಅದರ ಒಳಗಿನ ಟಿರ್ಜೆಪಟೈಡ್ 39 ಅಮೈನೋ ಆಮ್ಲಗಳ ಸರಪಳಿ. ಅಂದರೆ ತೂಕ ಇಳಿಸುವ "ಅಮೈನೋ" ಯಾವುದಾದರೂ ಇದ್ದರೆ ಅದು ಅದೇ. ಸರಪಳಿಯ ಜೋಡಣೆ ಮುಖ್ಯ. ಹೊಟ್ಟೆ ತುಂಬಿತು ಅಂತ ಹೇಳುವ ಹಾರ್ಮೋನಿನ ಹಾಗೆ ಅದು ನಟಿಸುತ್ತದೆ. ಸುಮ್ನೆ ಕುಡಿದರೆ ಹೊಟ್ಟೆಯಲ್ಲಿ ಮೀನಿನ ಪ್ರೋಟೀನಿನ ಹಾಗೆಯೇ ತುಂಡಾಗಿ ಹೋಗುತ್ತದೆ, ಹಾಗಾಗಿ ಸೂಜಿ.

ಔಷಧಿಯಂಗಡಿ_ಅಣ್ಣ:
ಚೀಟಿ ಇಲ್ಲದೆ ಕೇಳಿಕೊಂಡು ಬರಬೇಡಿ, ಕೊಡುವುದಿಲ್ಲ. ದಿನಾ ಯಾರಾದರೂ ಬಂದು "ಅಣ್ಣ, ಒಂದು ಕೊಡಿ" ಅನ್ನುತ್ತಾರೆ, ಕೆಮ್ಮಿನ ಸಿರಪ್ ಕೇಳಿದ ಹಾಗೆ. ಆ ಇಂಜೆಕ್ಷನ್ ತೆಗೆದುಕೊಂಡು ಊಟ ಸರಿ ಮಾಡದಿದ್ದರೆ ಸ್ನಾಯುವೂ ಇಳಿಯುತ್ತದೆ. ಡಾಕ್ಟ್ರ ಕಣ್ಣೆದುರೇ ಆಗಬೇಕಾದ ಕೆಲಸ.

ಬೂತಾಯಿ_ಬ್ರೋ:
ಎಲ್ಲ ಸರಿ, ಜೂನ್ ಜುಲೈ ಬಂದರೆ ಎಂತ ಮಾಡುವುದು? ಜೂನ್ 1ರಿಂದ ಜುಲೈ 31ರ ತನಕ ಬೋಟು ಕಡಲಿಗೆ ಇಳಿಯುವುದಿಲ್ಲ. ಆಗ ಟೀಚರ್ ಹೇಳುವ ಬಂಗುಡೆ ಮಲ್ಪೆಯಲ್ಲೂ ಇಲ್ಲ, ಬಂದರಿನಲ್ಲೂ ಇಲ್ಲ. ಇದ್ದರೂ ಐಸಿನಲ್ಲಿ ಮಲಗಿದ್ದು.

ಕುಂದಾಪ್ರ_ಕೋಳಿ:
ಒಣಮೀನು ಉಂಟಲ್ಲ. ಗಂಜಿ, ಒಣಮೀನು ಚಟ್ನಿ. ಮಳೆಗೆ ಸ್ವರ್ಗ ಮಾರಾಯ್ರೆ.

ಡಯಟ್_ಟೀಚರ್:
ಬಿಪಿ ಇದ್ದರೆ ಒಣಮೀನಿನ ಉಪ್ಪು ಜಾಗ್ರತೆ. ಮೊಟ್ಟೆ ಇಡೀ ವರ್ಷ ಸಿಗುತ್ತದೆ, ಒಂದಕ್ಕೆ ಆರು ಗ್ರಾಂ ಪ್ರೋಟೀನ್.

ಬೂತಾಯಿ_ಬ್ರೋ:
ನದಿಯ ಮರುವಾಯಿ ಚಿಪ್ಪು? ಬಸಳೆ ಜೊತೆ?

ಕುಂದಾಪ್ರ_ಕೋಳಿ:
ಈ ಬ್ರೋಗೆ ಯಾರಾದರೂ ಊಟ ಹಾಕಿ. ಹಸಿದುಕೊಂಡೇ ಬರೆಯುತ್ತಿದ್ದಾನೆ.

ನಿರ್ವಾಹಕ:
ಮರುವಾಯಿ, ಬನ್ಸ್, ಘೀ ರೋಸ್ಟ್ ಚರ್ಚೆಗೆ ಅಡುಗೆ ವಿಭಾಗ ಇದೆ. ಕಳೆದ ಸಲ "ಯಾವ ಊರಿನ ಬನ್ಸ್ ಒಳ್ಳೆಯದು" ಅಂತ ಶುರುವಾಗಿ ಎರಡು ಬ್ಯಾನ್ ಮಾಡಬೇಕಾಯಿತು. ವಿಷಯಕ್ಕೆ ಬನ್ನಿ.

ಸುರತ್ಕಲ್_ಸಂಜೆ:
ಒಂದು ವಿಷಯ ಮೊದಲೇ ಹೇಳಬೇಕಿತ್ತೋ ಏನೋ. ನನಗೆ ಥೈರಾಯ್ಡ್ ಮಾತ್ರೆ ನಡೆಯುತ್ತಿದೆ, 50 ಮೈಕ್ರೋಗ್ರಾಂ. ಟ್ರೈನರ್ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಔಷಧಿಯಂಗಡಿ_ಅಣ್ಣ:
ಅಯ್ಯೋ, ಮುಖ್ಯ ವಿಷಯವೇ ಅದು. ಆ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಬರೀ ನೀರಿನ ಜೊತೆ ಆಗಬೇಕು. ಚಹಾ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಬಿಡಿ. ಕ್ಯಾಲ್ಸಿಯಂ, ಕಬ್ಬಿಣ ಸೇರಿಸಿದ ಪುಡಿಗಳು ಅದನ್ನು ಹೀರಿಕೊಳ್ಳದ ಹಾಗೆ ಮಾಡುತ್ತವೆ, ಅವಕ್ಕೆ ನಾಲ್ಕು ಗಂಟೆ ಅಂತರ ಬೇಕು. ಕೂದಲಿಗೆ ಅಂತ ಬಯೋಟಿನ್ ತೆಗೆದುಕೊಳ್ಳುತ್ತಿದ್ದರೆ ರಕ್ತ ಪರೀಕ್ಷೆಗೆ ಮೊದಲು ಲ್ಯಾಬಿನವರಿಗೆ ಹೇಳಿ. ಥೈರಾಯ್ಡ್ ರಿಪೋರ್ಟ್ ತಪ್ಪು ಬರುವ ಸಾಧ್ಯತೆ ಉಂಟು. ಕೊನೆಯ ಸಲ ಥೈರಾಯ್ಡಿನ ಟಿಎಸ್‌ಎಚ್ ಪರೀಕ್ಷೆ ಯಾವಾಗ ಮಾಡಿಸಿದಿರಿ?

ಸುರತ್ಕಲ್_ಸಂಜೆ:
ಲಾಕ್‌ಡೌನ್ ಮುಗಿದ ಮೇಲೆ ಯಾವಾಗಲೋ.

ಡಯಟ್_ಟೀಚರ್:
ಹಾಗಾದರೆ ಪುಡಿಯೂ ಬೇಡ, ನನ್ನ ಲೆಕ್ಕವೂ ಬೇಡ. ಮೊದಲು ಡಾಕ್ಟ್ರ ಹತ್ತಿರ ಹೋಗಿ. ಟಿಎಸ್‌ಎಚ್, ಕ್ರಿಯಾಟಿನಿನ್, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ. ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ತೋರಿಸುವ ಬಿಎಂಐ ನಿಮಗೆ 30 ದಾಟಿದೆ. ನಮ್ಮ ದೇಶದವರಿಗೆ 25ಕ್ಕೇ ಬೊಜ್ಜು ಅಂತ ಲೆಕ್ಕ. ಸೊಂಟದ ಸುತ್ತಳತೆಯೂ ತೆಗೆದುಕೊಳ್ಳಿ, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. ಥೈರಾಯ್ಡ್ ಡೋಸ್ ಸಾಲದೆ ಇದ್ದರೆ ಎಷ್ಟು ಟ್ರೆಡ್‌ಮಿಲ್ ಓಡಿದರೂ ಸುಸ್ತೇ.

ಮಣ್ಣಪಳ್ಳ_ವಾಕರ್:
ಔಷಧಿ ಅಂದಾಗ ಒಂದು ಪ್ರಶ್ನೆ. ನಮ್ಮ ಅಣ್ಣನಿಗೆ ಪಾರ್ಕಿನ್ಸನ್, ಲೆವೊಡೋಪ ಮಾತ್ರೆ ಉಂಟು. ಮಗ ಬೆಂಗಳೂರಿನಿಂದ ಪ್ರೋಟೀನ್ ಪುಡಿ ಕಳಿಸಿದ್ದಾನೆ, ಶಕ್ತಿಗೆ ಅಂತ. ಕೊಡಬಹುದಾ?

ಔಷಧಿಯಂಗಡಿ_ಅಣ್ಣ:
ಮಾತ್ರೆಯ ಜೊತೆಗೆ ಖಂಡಿತ ಬೇಡ ಸರ್. ಲೆವೊಡೋಪ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗುವ ದಾರಿಯನ್ನೇ ಈ ಅಮೈನೋ ಆಮ್ಲಗಳೂ ಹಿಡಿಯುತ್ತವೆ. ಒಟ್ಟಿಗೆ ಹೋದರೆ ಮಾತ್ರೆಯ ಕೆಲಸ ಕಡಿಮೆ ಆಗುತ್ತದೆ. ಊಟದ ಹೊತ್ತು, ಮಾತ್ರೆಯ ಹೊತ್ತು ಹೇಗೆ ಹೊಂದಿಸಬೇಕು ಅಂತ ನರರೋಗದ ಡಾಕ್ಟ್ರನ್ನು ಕೇಳಿ. ಪುಡಿ ಅಲ್ಲಿಯವರೆಗೆ ಕಪಾಟಿನಲ್ಲಿ ಇರಲಿ.

ಮಣ್ಣಪಳ್ಳ_ವಾಕರ್:
ಥ್ಯಾಂಕ್ಸ್. ಇವತ್ತೇ ಫೋನ್ ಮಾಡುತ್ತೇನೆ.

ಸುರತ್ಕಲ್_ಸಂಜೆ:
ನಾನು ಡಬ್ಬ ತೆಗೆದುಕೊಳ್ಳುವುದಿಲ್ಲ. ಶನಿವಾರ ರಕ್ತ ಪರೀಕ್ಷೆಗೆ ಹೋಗುತ್ತೇನೆ. ನಾಳೆ ಬೆಳಿಗ್ಗೆ ಎರಡು ನೀರುದೋಸೆ, ಎರಡು ಮೊಟ್ಟೆ. ರಾತ್ರಿ ಅರ್ಧ ಅನ್ನ, ಅರ್ಧ ಹೆಸರುಕಾಳು ಪಲ್ಯ ಅಂತ ಯೋಚಿಸಿದ್ದೇನೆ. ಗಂಡ ಸೋಯಾ ತುಂಡು ತಂದಿಟ್ಟಿದ್ದಾರೆ. ಥೈರಾಯ್ಡ್ ಇರುವವರು ಅದನ್ನು ತಿನ್ನಬಹುದಾ?

ಡಯಟ್_ಟೀಚರ್:
ತಿನ್ನಬಹುದು. ಬೆಳಿಗ್ಗೆ ಮಾತ್ರೆಯ ಹತ್ತಿರ ಬೇಡ, ಮಧ್ಯಾಹ್ನ ಅಥವಾ ರಾತ್ರಿ ಇಟ್ಟುಕೊಳ್ಳಿ. ಸೋಯಾ ಕೂಡ ಆ ಮಾತ್ರೆ ಹೀರಿಕೊಳ್ಳುವುದನ್ನು ಕಡಿಮೆ ಮಾಡಬಲ್ಲದು. ಒಮ್ಮೆ ಶುರು ಮಾಡಿದರೆ ಹೆಚ್ಚು ಕಡಿಮೆ ಒಂದೇ ಪ್ರಮಾಣ ಇರಲಿ, ಡಾಕ್ಟ್ರಿಗೆ ಡೋಸ್ ಹೊಂದಿಸಲು ಸುಲಭ. ಮತ್ತೆ, ಮಗ ಬಿಟ್ಟದ್ದು ಮಗನಿಗೇ ಇರಲಿ.